ಕಾಯಿ ಬಿಡೋ ಮರ ಇರುವಾಗಲೇ ಸಸಿ ಇಡಬೇಕು: ಒಬ್ಬ ಬಿಎಫ್‌ಸಿ ಅಭಿಮಾನಿಯ ಲೆಕ್ಕಾಚಾರ

ತಿಪಟೂರು ಕಡೆಯವಳು ಅಂತ ಗೊತ್ತಾದ ತಕ್ಷಣ ಬೆಂಗಳೂರಿನಲ್ಲಿ ಜನ ಕೇಳೋ ಮೊದಲ ಪ್ರಶ್ನೆ, "ಈಗ ಕೊಬ್ಬರಿ ರೇಟ್ ಎಷ್ಟಿದೆ?" ಎರಡನೇದು, "ಆರ್‌ಸಿಬಿ ತಾನೇ?" ಮೊದಲನೇದಕ್ಕೆ ಅಪ್ಪನಿಗೆ ಫೋನ್ ಮಾಡಿ ಕೇಳಿ ಹೇಳ್ತೀನಿ. ಎರಡನೇದಕ್ಕೆ ನನ್ನ ಉತ್ತರ ಬೇರೆ. ನಾನು ಬಿಎಫ್‌ಸಿ. ಬೆಂಗಳೂರು ಫುಟ್‌ಬಾಲ್ ಕ್ಲಬ್.

"ಅದೂ ಒಂದು ಇದೆಯಾ?" ಅನ್ನೋರೇ ಜಾಸ್ತಿ. ಇದೆ. ಕಬ್ಬನ್ ಪಾರ್ಕಿನ ಒಂದು ಮಗ್ಗುಲಲ್ಲಿ ಚಿನ್ನಸ್ವಾಮಿ ಸ್ಟೇಡಿಯಂ ಇದ್ದರೆ ಇನ್ನೊಂದು ಮಗ್ಗುಲಲ್ಲಿ ಕಂಠೀರವ ಇದೆ. ಆ ಕಡೆ ಊರಿಗೆ ಊರೇ "ಈ ಸಲ ಕಪ್ ನಮ್ದೇ" ಅಂತ ವರ್ಷಗಟ್ಟಲೆ ಕಾಯ್ತಾ ಇದ್ದಾಗ, ಈ ಕಡೆ ಒಂದು ತಂಡ ಸದ್ದಿಲ್ಲದೆ ಕಪ್ ಮೇಲೆ ಕಪ್ ತಂದು ಕಪಾಟಿನಲ್ಲಿ ಇಡ್ತಾ ಇತ್ತು.

ಹಾಗಂತ ಹೊಗಳೋಕೆ ಕೂತಿಲ್ಲ. ಹಲವು ವರ್ಷದಿಂದ ಈ ತಂಡವನ್ನ ನೋಡ್ತಾ ಬಂದವಳಾಗಿ ನನ್ನ ಹತ್ತಿರ ಒಂದು ತಕರಾರಿದೆ. ಅದು ಸೋಲಿನ ಬಗ್ಗೆ ಅಲ್ಲ, ಹನ್ನೊಂದು ಜನರ ಪಟ್ಟಿ ಬರೆಯೋ ರೀತಿಯ ಬಗ್ಗೆ.

ಆರು ವರ್ಷ, ಆರು ಕಪ್

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡ್ತೀನಿ. 2013ರ ಜುಲೈನಲ್ಲಿ ಜೆಎಸ್‌ಡಬ್ಲ್ಯು ಸಮೂಹ ಈ ಕ್ಲಬ್ ಕಟ್ಟಿತು. ಕೋಚ್ ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್, ನಾಯಕ ಸುನಿಲ್ ಛೆಟ್ರಿ. ಹುಟ್ಟಿದ ಮೊದಲ ಸೀಸನ್‌ನಲ್ಲೇ, 2013–14ರಲ್ಲಿ, ಐ-ಲೀಗ್ ಗೆದ್ದುಬಿಟ್ಟರು. 2015ರಲ್ಲಿ ಫೆಡರೇಷನ್ ಕಪ್, 2016ರಲ್ಲಿ ಮತ್ತೆ ಐ-ಲೀಗ್, 2017ರಲ್ಲಿ ಮತ್ತೆ ಫೆಡರೇಷನ್ ಕಪ್, 2018ರಲ್ಲಿ ಸೂಪರ್ ಕಪ್, 2019ರಲ್ಲಿ ಇಂಡಿಯನ್ ಸೂಪರ್ ಲೀಗ್, ಅಂದ್ರೆ ಐಎಸ್‌ಎಲ್. ಆರು ವರ್ಷಕ್ಕೆ ಆರು ಕಪ್.

ನಾನು ಈ ತಂಡಕ್ಕೆ ಅಂಟಿಕೊಂಡಿದ್ದು 2016ರ ಅಕ್ಟೋಬರ್‌ನಲ್ಲಿ. ಬೆಂಗಳೂರಿಗೆ ಹೊಸಬಳು, ಪಿಜಿ ವಾಸ, ಸಂಜೆ ಹೊತ್ತು ಹೋಗೋಕೆ ಜಾಗ ಇಲ್ಲ. ಸಹೋದ್ಯೋಗಿಯೊಬ್ಬಳು ಕಂಠೀರವಕ್ಕೆ ಎಳ್ಕೊಂಡು ಹೋದಳು. ಅವತ್ತು ಎಎಫ್‌ಸಿ ಕಪ್ ಸೆಮಿಫೈನಲ್. ಎದುರಾಳಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ತಂಡ. 3–1ರಿಂದ ಗೆದ್ದೆವು, ಅದರಲ್ಲಿ ಎರಡು ಗೋಲು ಛೆಟ್ರಿಯದು. ಭಾರತದ ಕ್ಲಬ್ ಒಂದು ಆ ಟೂರ್ನಿಯ ಫೈನಲ್ ತಲುಪಿದ್ದು ಅದೇ ಮೊದಲು. ದೋಹಾದಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ ಎದುರು 1–0ರಿಂದ ಸೋತೆವು ಅನ್ನೋದು ಬೇರೆ ಮಾತು. "ಗೆದ್ದೆವು", "ಸೋತೆವು" ಅಂತ ನಾನು ಮಾತಾಡೋಕೆ ಶುರು ಮಾಡಿದ್ದು ಆ ರಾತ್ರಿಯಿಂದ.

ಆಮೇಲೇನಾಯ್ತು?

2019ರ ನಂತರದ ಲೆಕ್ಕ ತೆಗೆದರೆ ಕೈಗೆ ಸಿಕ್ಕಿದ್ದು ಒಂದೇ ದೊಡ್ಡ ಕಪ್, 2022ರ ಡುರಾಂಡ್. 2023ರ ಐಎಸ್‌ಎಲ್ ಫೈನಲ್ ಎಟಿಕೆ ಮೋಹನ್ ಬಗಾನ್ ಎದುರು ಪೆನಾಲ್ಟಿಯಲ್ಲಿ ಹೋಯ್ತು. ಅದೇ ವರ್ಷ ಸೂಪರ್ ಕಪ್ ಫೈನಲ್ ಒಡಿಶಾ ಎದುರು ಹೋಯ್ತು. 2023–24ರಲ್ಲಂತೂ 12 ತಂಡಗಳಲ್ಲಿ 10ನೇ ಸ್ಥಾನ. ಆ ಸೀಸನ್ ಶುರುವಾದಾಗ ಊರಲ್ಲಿ ಕೊಬ್ಬರಿ ಬೆಲೆಯೂ ಕುಸಿದಿತ್ತು. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಅಂತ ಇದ್ದರೂ ಮಾರ್ಕೆಟ್‌ನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆಗೆ ಹೋಗ್ತಿತ್ತು. ಭಾನುವಾರದ ಫೋನಿನಲ್ಲಿ ಅಪ್ಪನದೊಂದು ಗೋಳು, ನನ್ನದೊಂದು ಗೋಳು.

2024–25 ಎರಡೂ ಸುತ್ತು ಪೂರ್ತಿ ಆಡಿದ ಸೀಸನ್. ನನ್ನ ವಾದಕ್ಕೆ ಬೇಕಾದ್ದೆಲ್ಲ ಅದರಲ್ಲೇ ಇದೆ. ಕೋಚ್ ಜೆರಾರ್ಡ್ ಜರಗೋಜಾ. ಶುರುವಿನ ಪಂದ್ಯಗಳಲ್ಲಿ ನಮ್ಮವರು ಗೋಲೇ ಬಿಟ್ಟುಕೊಡಲಿಲ್ಲ. ಜನವರಿ ಬಂತು ನೋಡಿ, ಸೋಲಿನ ಮೇಲೆ ಸೋಲು. ಅದೇ ಸೀಸನ್‌ನಲ್ಲಿ ಐಎಸ್‌ಎಲ್‌ಗೆ ಬಂದಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ಕೂಡ ಕಂಠೀರವದಲ್ಲೇ 1–0ರಿಂದ ಹೊಡೆದು ಹೋಯ್ತು. ಕೊನೆಗೆ ಹೇಗೋ ಚೇತರಿಸಿಕೊಂಡು ಮೂರನೇ ಸ್ಥಾನ, ನಾಕೌಟ್‌ನಲ್ಲಿ ಮುಂಬೈ ಸಿಟಿಗೆ 5–0, ಸೆಮಿಫೈನಲ್‌ನಲ್ಲಿ ಗೋವಾ ಎದುರು ಇನ್ನೇನು ಹೆಚ್ಚುವರಿ ಸಮಯಕ್ಕೆ ಹೋಗುತ್ತೆ ಅನ್ನುವಾಗ ಛೆಟ್ರಿಯ ಹೆಡರ್. 2025ರ ಏಪ್ರಿಲ್ 12ರಂದು ಕೋಲ್ಕತ್ತಾದಲ್ಲಿ ಫೈನಲ್. ಮುಂದಿದ್ದೆವು. ಮೋಹನ್ ಬಗಾನ್ ಪೆನಾಲ್ಟಿಯಲ್ಲಿ ಸಮ ಮಾಡಿತು. ಹೆಚ್ಚುವರಿ ಸಮಯದಲ್ಲಿ ಜೇಮಿ ಮೆಕ್ಲಾರೆನ್ ಹೊಡೆದ ಗೋಲಿಗೆ 2–1ರ ಸೋಲು.

10ನೇ ಸ್ಥಾನದಿಂದ ಫೈನಲ್‌ಗೆ ಬಂದಿದ್ದು ಪ್ರಗತಿ ಅಲ್ವಾ ಅಂತ ಕೇಳಬಹುದು. ಹೌದು, ಒಪ್ತೀನಿ. ಆದರೆ ಆ ಪ್ರಗತಿ ಯಾರ ಹೆಗಲ ಮೇಲೆ ಬಂತು ಅಂತ ನೋಡಿ. ಆ ಸೀಸನ್‌ನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು ಗೋಲು ಹೊಡೆದಿದ್ದು ಸುನಿಲ್ ಛೆಟ್ರಿ, 14 ಗೋಲು. ವಯಸ್ಸು 40. ಡಿಸೆಂಬರ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಹ್ಯಾಟ್ರಿಕ್ ಬೇರೆ. ದೇಶದ ತಂಡಕ್ಕೆ 2024ರ ಜೂನ್‌ನಲ್ಲೇ ವಿದಾಯ ಹೇಳಿದ್ದವರನ್ನ 2025ರ ಮಾರ್ಚ್‌ನಲ್ಲಿ ವಾಪಸ್ ಕರೆಸಿಕೊಂಡರು. ಆಟಗಾರನಿಗೆ ಇದಕ್ಕಿಂತ ದೊಡ್ಡ ಗೌರವ ಇಲ್ಲ. ಅವರ ಹಿಂದೆ ನಿಂತಿರೋ ಸಾಲಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆಯೂ ಇಲ್ಲ.

ಏಳರ ಗಣಿತ

ಫುಟ್‌ಬಾಲ್ ನೋಡದವರಿಗೆ ಒಂದು ಸಣ್ಣ ಲೆಕ್ಕ. ಮೈದಾನದಲ್ಲಿ 11 ಜನ. ಐಎಸ್‌ಎಲ್‌ನಲ್ಲಿ 2021–22ರಿಂದ ಏಕಕಾಲಕ್ಕೆ ನಾಲ್ಕು ವಿದೇಶಿಯರಿಗೆ ಮಾತ್ರ ಅವಕಾಶ. ಅಂದ್ರೆ ಭಾರತೀಯರಿಗೆ ಏಳು ಜಾಗ. ಗೋಲ್‌ಕೀಪರ್ ನಮ್ಮಲ್ಲಿ 2017ರಿಂದ ಗುರ್‌ಪ್ರೀತ್ ಸಿಂಗ್ ಸಂಧು. ಉಳಿದಿದ್ದು ಆರು. ಡಿಫೆನ್ಸ್‌ಗೆ ಮೂರು ಇಟ್ಟರೆ ಮೂರು ಉಳಿಯಿತು. ವಿದೇಶಿ ಆಟಗಾರರಿಗೆ ಕೊಟ್ಟ ದುಡ್ಡು ಗೋಲಿನ ರೂಪದಲ್ಲಿ ವಾಪಸ್ ಬರಲಿ ಅಂತ ಕ್ಲಬ್‌ಗಳು ಅವರನ್ನ ಹೆಚ್ಚಾಗಿ ಮಿಡ್‌ಫೀಲ್ಡಿಗೆ, ಮುಂದಕ್ಕೆ ಹಾಕ್ತವೆ. ಹಾಗಾಗಿ ಮುಂಚೂಣಿಯಲ್ಲಿ ಭಾರತೀಯನಿಗೆ ಸಿಗೋದು ಒಂದು, ಹೆಚ್ಚೆಂದರೆ ಎರಡು ಜಾಗ. ಒಂದು ಛೆಟ್ರಿಯದು ಅಂತಾದರೆ ಇನ್ನೊಬ್ಬ ಹುಡುಗ ಎಲ್ಲಿ ನಿಲ್ಲಬೇಕು?

ನಿಲ್ಲೋಕೆ ಜಾಗ ಮಾಡಿಕೊಟ್ಟರೆ ಏನಾಗುತ್ತೆ ಅಂತ ನಾವೇ ನೋಡಿದ್ದೀವಿ. 2022–23ರಲ್ಲಿ ಕೋಚ್ ಸೈಮನ್ ಗ್ರೇಸನ್ ಗಟ್ಟಿ ಮನಸ್ಸು ಮಾಡಿ ಛೆಟ್ರಿಯನ್ನ ಬೆಂಚಿಗೆ ಕೂರಿಸಿ, ರಾಯ್ ಕೃಷ್ಣ ಜೊತೆ ತಮಿಳುನಾಡಿನ ಶಿವಶಕ್ತಿ ನಾರಾಯಣನ್ ಅನ್ನೋ ಹುಡುಗನನ್ನ ಇಳಿಸಿದರು. ಸ್ಟ್ಯಾಂಡಿನಲ್ಲಿ ಗುಸುಗುಸು ಶುರುವಾಯ್ತು. ತಂಡ ಲೀಗಿನ ಕೊನೆಯ ಎಂಟು ಪಂದ್ಯ ಸತತವಾಗಿ ಗೆದ್ದಿತು. ಶಿವಶಕ್ತಿ ಆ ವರ್ಷದ ಉದಯೋನ್ಮುಖ ಆಟಗಾರ. ಹಾಗಂತ ಛೆಟ್ರಿ ಮೂಲೆಗುಂಪಾದರಾ? ಇಲ್ಲ. ಬ್ಲಾಸ್ಟರ್ಸ್ ಎದುರಿನ ಪ್ಲೇಆಫ್‌ನಲ್ಲಿ ಬದಲಿ ಆಟಗಾರನಾಗಿ ಬಂದು ಹೆಚ್ಚುವರಿ ಸಮಯದಲ್ಲಿ ಆ ಫ್ರೀಕಿಕ್ ಹೊಡೆದರು. ಎದುರಾಳಿ ತಂಡ ಮೈದಾನ ಬಿಟ್ಟು ನಡೆದೇಬಿಟ್ಟಿತಲ್ಲ, ಅದೇ ಪಂದ್ಯ. ಮುಂಬೈ ಎದುರಿನ ಸೆಮಿಫೈನಲ್‌ನಲ್ಲೂ ಬೆಂಚಿನಿಂದ ಎದ್ದು ಬಂದು ಗೋಲು ಹೊಡೆದರು.

ಹೀಗೆ ಎಳೆಯರು ಶುರು ಮಾಡಿ, ಹಿರಿಯರು ಮುಗಿಸಿಕೊಟ್ಟ ವರ್ಷವೇ ನಾವು ಫೈನಲ್‌ಗೆ ಹೋಗಿದ್ದು. ಆದರೆ ಶಿವಶಕ್ತಿಯ ಆ ಓಟ ಮುಂದಿನ ಸೀಸನ್‌ಗಳಲ್ಲಿ ಮುಂದುವರಿಯಲಿಲ್ಲ. ನನ್ನ ತಕರಾರು ಇರೋದೇ ಇಲ್ಲಿ. ಒಂದು ಸೀಸನ್ ಧೈರ್ಯ ಮಾಡ್ತೀವಿ, ಮುಂದಿನ ಸೀಸನ್‌ನಲ್ಲಿ ನಾಲ್ಕು ಪಂದ್ಯ ಸೋತ ಕೂಡಲೇ ಗೊತ್ತಿರೋ ಹೆಸರುಗಳಿಗೆ ವಾಪಸ್ ಓಡ್ತೀವಿ.

ತೋಟದ ಲೆಕ್ಕ

ಇದನ್ನೆಲ್ಲ ಒಂದು ಸಲ ಅಪ್ಪನ ಮುಂದೆ ಹೇಳ್ಕೊಂಡೆ. ಅಪ್ಪನಿಗೆ ಫುಟ್‌ಬಾಲ್ ಗೊತ್ತಿಲ್ಲ. ಕೇಳಿಸಿಕೊಂಡು ಹೇಳಿದ್ದಿಷ್ಟು: "ಹಳೇ ಮರ ಬೀಳ್ಲಿ ಅಂತ ಕಾಯಬಾರದು ಕಣವ್ವಾ. ಅದು ಕಾಯಿ ಬಿಡ್ತಿರುವಾಗ್ಲೇ ಸಾಲಿನ ಮಧ್ಯ ಸಸಿ ಇಡಬೇಕು. ಬರೀ ಇಟ್ರೆ ಸಾಲದು, ಬಿಸಿಲು ಬೀಳೋ ಹಂಗೂ ನೋಡ್ಕೋಬೇಕು. ಪೂರ್ತಿ ನೆರಳಾದ್ರೆ ಸೊರಗಿ ಹೋಯ್ತದೆ."

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಇದು ಎಲ್ಲರಿಗೂ ಗೊತ್ತಿರೋ ವಿಷಯ. ಎತ್ತರದ ತಳಿಯ ತೆಂಗು ಫಸಲಿಗೆ ಬರೋಕೆ ಆರೇಳು ವರ್ಷ ಬೇಕು. ಕಾಯಿ ಕಿತ್ತು ಅಟ್ಟಕ್ಕೆ ಹಾಕಿದರೂ ಉಂಡೆ ಕೊಬ್ಬರಿ ಆಗೋಕೆ ಹತ್ತು–ಹನ್ನೆರಡು ತಿಂಗಳು. ಮಧ್ಯದಲ್ಲಿ ಅವಸರ ಮಾಡಿ ಒಡೆದರೆ ಅದು ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. 19 ವರ್ಷದ ಹುಡುಗನಿಗೆ ಕೊನೆಯ ಐದು ನಿಮಿಷ ಕೊಟ್ಟು "ನೋಡೋಣ, ಏನು ಮಾಡ್ತಾನೆ" ಅನ್ನೋದೂ ಹಾಗೇನೇ.

ಸಸಿಗಳಿಲ್ಲ ಅಂತ ಹೇಳೋ ಹಾಗಿಲ್ಲ. 2022ರಲ್ಲಿ ಶುರುವಾದ ರಿಲಯನ್ಸ್ ಡೆವಲಪ್‌ಮೆಂಟ್ ಲೀಗಿನ ಮೊದಲ ಚಾಂಪಿಯನ್ ನಮ್ಮ ಎರಡನೇ ತಂಡದ ಹುಡುಗರೇ. 2024ರ ಸೆಪ್ಟೆಂಬರ್ 14ರಂದು, ಸೀಸನ್ನಿನ ಮೊದಲ ಪಂದ್ಯದಲ್ಲೇ, ಈಸ್ಟ್ ಬೆಂಗಾಲ್ ಎದುರು ಏಕೈಕ ಗೋಲು ಹೊಡೆದು ಗೆಲ್ಲಿಸಿದ್ದು ವಿನೀತ್ ವೆಂಕಟೇಶ್. ಬೆಂಗಳೂರಿನ ಹುಡುಗ. ಅವತ್ತು ಕಂಠೀರವದಲ್ಲಿ ಎದ್ದ ಕೂಗು ಬೇರೆ ಥರ ಇತ್ತು. ಅದು ನಮ್ಮ ಮನೆ ಹುಡುಗನಿಗೆ ಹಾಕೋ ಕೂಗು.

ನಮ್ಮ ಮಣ್ಣಲ್ಲಿ ಬೆಳೆಯಲ್ಲವಾ?

"ಕರ್ನಾಟಕದಲ್ಲಿ ಫುಟ್‌ಬಾಲ್ ಆಡೋರು ಎಲ್ಲಿದ್ದಾರೆ?" ಅಂತ ಕೇಳೋರಿಗೆ ಚರಿತ್ರೆ ಉತ್ತರ ಕೊಡುತ್ತೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಈಸ್ಟ್ ಬೆಂಗಾಲ್‌ನ 'ಪಂಚ ಪಾಂಡವ'ರಲ್ಲಿ ಒಬ್ಬರಾದ ಅಹಮದ್ ಖಾನ್ ಬೆಂಗಳೂರಿನವರು. ಮೈಸೂರು ರಾಜ್ಯ ತಂಡ ಸಂತೋಷ್ ಟ್ರೋಫಿಯನ್ನ ಮತ್ತೆ ಮತ್ತೆ ಗೆದ್ದಿತ್ತು, ಕೊನೆಯದಾಗಿ 1968–69ರಲ್ಲಿ. ಹಳೇ ಕಥೆ ಬೇಡ ಅಂದ್ರೆ 2023ರ ಮಾರ್ಚ್ ನೆನಪಿಸಿಕೊಳ್ಳಿ. ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನ 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಮೇಲೆ ಆ ಟ್ರೋಫಿ ಎತ್ತಿತು.

ಹಾಗಾದರೆ ಬಿಎಫ್‌ಸಿಯ ಹನ್ನೊಂದರಲ್ಲಿ ಎಷ್ಟು ಜನ ಕನ್ನಡದ ಹುಡುಗರು ಕಾಣ್ತಾರೆ? ಬೆರಳಲ್ಲಿ ಎಣಿಸಬಹುದು, ಅದೂ ಒಂದೇ ಕೈ ಸಾಕು. ಮಣಿಪುರದ ಸುರೇಶ್, ರೋಶನ್ ನಮ್ಮವರಲ್ಲ ಅಂತ ಅಲ್ಲ. ಇಲ್ಲೇ ಆಡಿ, ಇಲ್ಲೇ ಬೆಳೆದು, ನಮ್ಮವರೇ ಆಗಿದ್ದಾರೆ. ನನ್ನ ಪ್ರಶ್ನೆ ಬೇರೆ. ಈ ಕ್ಲಬ್‌ನ ವಸತಿ ಅಕಾಡೆಮಿ ಇರೋದು ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಬಳಿಯ ವಿಜಯನಗರದಲ್ಲಿ, ಬಯಲುಸೀಮೆಯ ಮಧ್ಯದಲ್ಲಿ. ಆದರೆ ನಮ್ಮ ಕಡೆಯ ಹುಡುಗ ಅಲ್ಲಿಗೆ ತಲುಪೋ ದಾರಿ ಯಾವುದು ಅಂತ ಊರಲ್ಲಿ ಯಾರನ್ನ ಕೇಳಿದರೂ ಗೊತ್ತಿಲ್ಲ. ರಾಜ್ಯ ಸಂಸ್ಥೆಯ ಸೂಪರ್ ಡಿವಿಷನ್ ಲೀಗ್ ನಡೆಯೋದೂ ಬೆಂಗಳೂರಿನಲ್ಲೇ. ನಮ್ಮೂರ ಮೈದಾನದಲ್ಲಿ ಕಬಡ್ಡಿ ಇದೆ, ವಾಲಿಬಾಲ್ ಇದೆ, ಟೆನಿಸ್ ಬಾಲ್ ಕ್ರಿಕೆಟ್ ಅಂತೂ ಕೇಳೋದೇ ಬೇಡ. ಕಾಲಲ್ಲಿ ಬಲ ಇರೋ ಹುಡುಗರಿಗೆ ಬರ ಇಲ್ಲ. ಅವರನ್ನ ನೋಡೋಕೆ ಬರೋರು ಇಲ್ಲ ಅಷ್ಟೇ.

ಈಗ್ಯಾಕೆ ಈ ಮಾತು?

ಯಾಕಂದ್ರೆ ದುಡ್ಡಿನ ನೆಲ ಅಲುಗಾಡ್ತಿದೆ. ಫೆಡರೇಷನ್‌ಗೂ ಲೀಗ್ ನಡೆಸೋ ಸಂಸ್ಥೆಗೂ ನಡುವಿನ ಒಪ್ಪಂದ ಮುಗಿಯೋ ಹೊತ್ತಿಗೆ ಮುಂದೇನು ಅಂತ ತೀರ್ಮಾನ ಆಗದೆ, 2025ರ ಜುಲೈನಲ್ಲಿ ಮುಂದಿನ ಐಎಸ್‌ಎಲ್ ಅನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ಬಿಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿರೋದಾಗಿ ಹೇಳಿತು. ಸಂಬಳದ ಮೇಲೆ ಬದುಕೋ ನಮ್ಮಂಥವರಿಗೆ ಆ ಸುದ್ದಿ ಹೊಟ್ಟೆಗೆ ಬಡಿದ ಹಾಗಿತ್ತು. ಅದೇ ಪ್ರಕಟಣೆಯಲ್ಲಿ ಇನ್ನೊಂದು ಸಾಲಿತ್ತು. ಯುವ ತಂಡಗಳು, ಮಕ್ಕಳ ಸಾಕರ್ ಶಾಲೆಗಳು ಎಂದಿನಂತೆ ನಡೀತವೆ ಅಂತ.

ಸಂಬಳ ನಿಲ್ಲಿಸಿದ್ದು ಸರಿ ಅಂತ ನಾನು ಹೇಳಲ್ಲ. ಆದರೆ ಕಷ್ಟ ಬಂದಾಗ ಯಾವುದನ್ನ ಉಳಿಸಿಕೊಳ್ಳಬೇಕು ಅಂತ ಕ್ಲಬ್ಬಿಗೆ ಗೊತ್ತಿದೆ ಅನ್ನೋದು ಆ ಸಾಲಿನಿಂದ ಗೊತ್ತಾಯ್ತು. ಬೆಲೆ ಬಿತ್ತು ಅಂತ ನಮ್ಮ ಕಡೆ ಯಾರೂ ಸಸಿಗೆ ನೀರು ನಿಲ್ಲಿಸಲ್ಲ. ಅದೇ ಬುದ್ಧಿ ಪಂದ್ಯದ ದಿನ ಹನ್ನೊಂದರ ಪಟ್ಟಿ ಬರೆಯುವಾಗಲೂ ಇರಲಿ ಅನ್ನೋದಷ್ಟೇ ನನ್ನ ಆಸೆ.

ನಾನು ಕೇಳೋದು ಮೂರೇ. ಒಂದು, ಕಂಠೀರವದ ಪ್ರತಿ ಪಂದ್ಯದಲ್ಲೂ ಅಕಾಡೆಮಿಯ ಒಬ್ಬ ಹುಡುಗ ಶುರುವಿನಿಂದಲೇ ಆಡಲಿ. ಸೋತರೂ ಮುಂದಿನ ವಾರ ಅವನೇ ಇರಲಿ. ಎರಡು, ವರ್ಷಕ್ಕೊಮ್ಮೆ ತುಮಕೂರು, ಹಾಸನ, ಶಿವಮೊಗ್ಗದಂಥ ಊರುಗಳಲ್ಲಿ ಆಯ್ಕೆ ಶಿಬಿರ ನಡೀಲಿ. ಮೂರು, ಸೀಸನ್‌ಗೆ ಮುಂಚಿನ ಒಂದು ಸ್ನೇಹಪಂದ್ಯ ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಆಡಿಸಿ. ತಿಪಟೂರಿನಿಂದ ಕಂಠೀರವಕ್ಕೆ ಬಂದು ಏಳೂವರೆ ಗಂಟೆ ಪಂದ್ಯ ನೋಡಿದವರು ಮನೆ ಸೇರುವಾಗ ಮಧ್ಯರಾತ್ರಿ ದಾಟಿರುತ್ತೆ. ಮಕ್ಕಳನ್ನ ಕಟ್ಟಿಕೊಂಡು ಯಾರು ಬರ್ತಾರೆ? ತುಮಕೂರಾದರೆ ಬಸ್ ತುಂಬ ಬರ್ತಾರೆ.

ತುರುವೇಕೆರೆಯಲ್ಲಿರೋ ನಮ್ಮ ಚಿಕ್ಕಪ್ಪನ ಮೊಮ್ಮಗನಿಗೆ ಹೋದ ಹುಟ್ಟುಹಬ್ಬಕ್ಕೆ ನೀಲಿ ಜೆರ್ಸಿ ಕೊಡಿಸಿದ್ದೆ. ಬೆನ್ನ ಮೇಲೆ 11, ಛೆಟ್ರಿ. ಹಾಕ್ಕೊಂಡು ಕುಣಿದಾಡಿದ. ಆಮೇಲೆ ಫೋನ್ ಮಾಡಿ, "ಅತ್ತೆ, ಛೆಟ್ರಿ ಬಿಟ್ಟ ಮೇಲೆ ಯಾರ ಹೆಸರು ಹಾಕಿಸ್ಲಿ?" ಅಂದ. "ವಿನೀತ್ ಅಂತ ಹಾಕಿಸು" ಅಂತ ಹೇಳಿದ್ದೀನಿ. ಆ ಮಾತು ಉಳಿಸಿಕೊಡೋ ಕೆಲಸ ಕೋಚ್‌ದು.