ಕಂಪ್ಯೂಟರ್ ಯುದ್ಧದಾಟ: ಸೈನ್ಯ ಕರಗುವುದು ಎಲ್ಲಿ?

ತೆಪ್ಪಕ್ಕಾಡಿನಿಂದ ಊಟಿಗೆ ಎರಡು ದಾರಿ. ಮಸಿನಗುಡಿ, ಕಲ್ಲಟ್ಟಿ ಮೇಲೆ ಹೋದರೆ ಸುಮಾರು 36 ಕಿಲೋಮೀಟರ್. ಗೂಡಲೂರು ಸುತ್ತಿಕೊಂಡು ಹೋದರೆ ಸುಮಾರು 67. ಹಾಗಾದರೆ ಎಲ್ಲರೂ ಕಲ್ಲಟ್ಟಿ ಮೇಲೇ ಹೋಗಬೇಕಲ್ಲವೇ? ಹೋಗಲ್ಲ. ಕಲ್ಲಟ್ಟಿ ಘಟ್ಟದಲ್ಲಿ 36 ಹೇರ್‌ಪಿನ್ ತಿರುವುಗಳು, ಮೈ ಜುಮ್ಮೆನ್ನುವ ಏರು. ಸರಕು ತುಂಬಿದ ದೊಡ್ಡ ಲಾರಿ ಗೂಡಲೂರಿನ ದಾರಿಯನ್ನೇ ಹಿಡಿಯುತ್ತದೆ. ನಕ್ಷೆಯಲ್ಲಿ ಹತ್ತಿರ ಕಾಣುವ ಊರು ನೆಲದ ಮೇಲೆ ದೂರವಾಗಬಹುದು. ಕಂಪ್ಯೂಟರಿನ ದೊಡ್ಡ ಯುದ್ಧದಾಟಗಳನ್ನು ಕಲಿಯೋಕೆ ಕೂತವರಿಗೆ ಮೊದಲು ಬೇಕಾಗುವುದು ಈ ತಿಳಿವಳಿಕೆಯೇ.

ಓಡುತ್ತಾ ಗುಂಡು ಹಾರಿಸುವ ಮೊಬೈಲ್ ಆಟದ ಮಾತಲ್ಲ ಇದು. ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿ 2013ರಲ್ಲಿ ಹೊರತಂದ ‘ಯುರೋಪಾ ಯೂನಿವರ್ಸಾಲಿಸ್ 4’ ಎಂಬ ಆಟ ನೋಡಿ. ಹೆಸರಿನಲ್ಲಿ ಯುರೋಪ್ ಇದ್ದರೂ ನಕ್ಷೆಯಲ್ಲಿ ಇಡೀ ಭೂಮಿ ಇದೆ. ಆಟ ಶುರುವಾಗುವುದು 1444ರ ನವೆಂಬರ್ 11ರಂದು. ನೀವು ವಿಜಯನಗರವನ್ನು ಆರಿಸಿಕೊಂಡು ಆಡಬಹುದು. ಇತಿಹಾಸದಲ್ಲಿ ಆಗ ಎರಡನೇ ದೇವರಾಯನ ಆಳ್ವಿಕೆ. ಉತ್ತರಕ್ಕೆ ಬಹಮನಿ ರಾಜ್ಯ. ಪರದೆ ತುಂಬ ಗುಂಡಿಗಳು, ಅಂಕಿಗಳು. ಮೊದಲ ದಿನ ತಲೆ ಗಿರ್ರೆನ್ನದಿದ್ದರೆ ಕೇಳಿ.

ನಾನು ಮೊದಲ ಸಲ ಆಡಿದಾಗ ಇದ್ದಬದ್ದ ಸೈನ್ಯವನ್ನೆಲ್ಲ ಒಂದೇ ಕಡೆ ಸೇರಿಸಿ ಬಹಮನಿ ಕೋಟೆಗೆ ಮುತ್ತಿಗೆ ಹಾಕಿದೆ. ಒಂದೂ ಕಾಳಗ ನಡೆಯಲಿಲ್ಲ. ಆದರೂ ತಿಂಗಳು ತಿಂಗಳೂ ಸೈನಿಕರ ಸಂಖ್ಯೆ ಇಳಿಯುತ್ತಲೇ ಹೋಯಿತು! ಆಟವೇ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿದ್ದು ನನ್ನ ಲೆಕ್ಕ. ಆ ಆಟದಲ್ಲಿ ಪ್ರತಿ ಪ್ರಾಂತವೂ ಇಷ್ಟೇ ಜನರನ್ನು ಸಾಕಬಲ್ಲದು ಎಂಬ ಮಿತಿ ಇದೆ. ಮಿತಿ ಮೀರಿದರೆ ಪ್ರತಿ ತಿಂಗಳೂ ಶೇಕಡಾ ಇಷ್ಟು ಮಂದಿ ಹಸಿವು, ಕಾಯಿಲೆಗೆ ಹೋದರು ಎಂದು ಕಂಪ್ಯೂಟರ್ ಕಳೆಯುತ್ತದೆ.

ಇದು ನಿಮಗೆ ಗೊತ್ತಿರುವ ಲೆಕ್ಕವೇ, ಚಕ್ರಬಡ್ಡಿಯದು. ಅಲ್ಲಿ ಅಸಲು ಬೆಳೆಯುತ್ತೆ, ಇಲ್ಲಿ ಕರಗುತ್ತೆ. 20,000 ಸೈನಿಕರಿದ್ದು ತಿಂಗಳಿಗೆ ಶೇ. 5 ನಷ್ಟ ಎಂದಿಟ್ಟುಕೊಳ್ಳಿ. ಮೊದಲ ತಿಂಗಳ ಕೊನೆಗೆ 19,000, ಆಮೇಲೆ 18,050. ಹೀಗೆ 0.95ರಿಂದ ಗುಣಿಸುತ್ತಾ ಹೋದರೆ ಆರನೇ ತಿಂಗಳಿಗೆ ಉಳಿಯುವುದು ಸುಮಾರು 14,700. ಶತ್ರುವಿನ ಮುಖ ನೋಡುವ ಮೊದಲೇ ಕಾಲು ಭಾಗಕ್ಕಿಂತ ಹೆಚ್ಚು ಸೈನ್ಯ ಮಾಯ.

ಈ ಪಾಠವನ್ನು ಆಟದಲ್ಲಲ್ಲ, ನಿಜವಾಗಿ ಕಲಿತವನು ಕಾರ್ನ್‌ವಾಲಿಸ್. ಘಟ್ಟ ಇಳಿದು ಮೈಸೂರಿನ ಕಡೆ ಹೋದರೆ ಆ ಜಾಗ ನಮಗೆ ದೂರವೇನಲ್ಲ. 1791ರ ಮಾರ್ಚಿಯಲ್ಲಿ ಬೆಂಗಳೂರು ಕೋಟೆ ಹಿಡಿದ ಅವನು ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದತ್ತ ನಡೆದ. ಮೇ 15ರಂದು ಅರಕೆರೆ ಬಳಿ ಟಿಪ್ಪುವಿನ ಸೈನ್ಯವನ್ನು ಹಿಂದಕ್ಕೆ ತಳ್ಳಿಯೂ ಬಿಟ್ಟ. ಕಾಳಗ ಗೆದ್ದಿದ್ದಾನೆ, ರಾಜಧಾನಿ ಕಣ್ಣೆದುರಿಗೇ ಇದೆ. ಆದರೆ ದಾರಿಯ ಮೇವು, ಧಾನ್ಯ ಅವನ ಕೈಗೆ ಸಿಗದಂತೆ ಟಿಪ್ಪು ಮಾಡಿದ್ದ. ಮಳೆ ಹಿಡಿದಿತ್ತು. ಫಿರಂಗಿ ಎಳೆಯುವ ಎತ್ತುಗಳು ಹಸಿವು, ರೋಗದಿಂದ ಸತ್ತವು. ಎತ್ತಿಲ್ಲದ ಮೇಲೆ ಫಿರಂಗಿ ಬರೀ ಕಬ್ಬಿಣ. ಕೋಟೆ ಒಡೆಯಲೆಂದು ತಂದ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿಸಿ ಬಂದ ದಾರಿಗೆ ಸುಂಕವಿಲ್ಲ ಎಂದು ಬೆಂಗಳೂರಿಗೆ ಹಿಂತಿರುಗಿದ. 1792ರ ಫೆಬ್ರುವರಿಯಲ್ಲಿ ಮತ್ತೆ ಬಂದಾಗ ಮೊದಲು ಎತ್ತು, ಧಾನ್ಯದ ಏರ್ಪಾಡು ಮಾಡಿಕೊಂಡಿದ್ದ. ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಬರುತ್ತಿದ್ದ ಬಂಜಾರರು ಅವನ ದಂಡಿನ ಹೊಟ್ಟೆ ತುಂಬಿಸಿದರು. ಆ ಸಲದ ಯುದ್ಧ ಮಾರ್ಚಿ ತಿಂಗಳ ಒಪ್ಪಂದದಲ್ಲಿ ಮುಗಿದು, ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ.

ಆಟದ ಪರದೆಯ ಮೇಲೆ ಸಾಯುವುದು ಬರೀ ಅಂಕಿ. ಅಂದು ಸತ್ತದ್ದು ಎತ್ತು, ಮನುಷ್ಯ. ಮೇವು, ಧಾನ್ಯ ಹೋದ ಹಳ್ಳಿಯವರು ಆ ವರ್ಷ ಏನು ತಿಂದರು ಅಂತ ಆಟ ಲೆಕ್ಕ ಇಡುವುದಿಲ್ಲ. ಆಡುವಾಗ ಇದು ನೆನಪಿರಲಿ.

ಹಾಗಾದರೆ ಕಲಿಯೋದು ಹೇಗೆ? ಎಲ್ಲ ಗುಂಡಿ ಒತ್ತಬೇಡಿ. ಸ್ಪೇಸ್ ಬಾರ್ ಒತ್ತಿದರೆ ಆಟ ನಿಲ್ಲುತ್ತದೆ, ನಿಲ್ಲಿಸಿ ಓದಿ. ಪ್ರಯೋಗಶಾಲೆಯಲ್ಲಿ ಮಾಡುತ್ತೀರಲ್ಲ, ಹಾಗೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಅದೇ ಸೈನ್ಯವನ್ನು ಒಮ್ಮೆ ಬಯಲಿನಲ್ಲಿ, ಒಮ್ಮೆ ಬೆಟ್ಟದಲ್ಲಿ ಕಾದಾಡಿಸಿ. ಕಾಳಗದಲ್ಲಿ ಆಟ 0ಯಿಂದ 9ರವರೆಗಿನ ದಾಳ ಉರುಳಿಸುತ್ತದೆ. ಬೆಟ್ಟ ಹತ್ತಿ ದಾಳಿ ಮಾಡಿದವರ ದಾಳದಲ್ಲಿ 2 ಕಳೆಯುತ್ತದೆ, ಹೊಳೆ ದಾಟಿ ಬಂದವರಿಗೆ 1. ಒಂದು ಕಾಳಗ ನೋಡಿ ತೀರ್ಮಾನಕ್ಕೆ ಬರಬೇಡಿ, ದಾಳ ಮೋಸ ಮಾಡುತ್ತೆ. ಹತ್ತು ಸಲ ಆಡಿ, ಫಲಿತಾಂಶ ಬರೆದಿಟ್ಟು ಸರಾಸರಿ ತೆಗೆಯಿರಿ.

ಶಾಲೆಯಲ್ಲಿ ಕಂಪ್ಯೂಟರ್ ಇಲ್ಲವೇ? ಗ್ರಾಫ್ ಹಾಳೆ ಸಾಕು. ತೆಪ್ಪಕ್ಕಾಡು, ಊಟಿ ಗುರುತಿಸಿ. ಒಂದು ಮನೆ ಅಂದರೆ ಸುಮಾರು 6 ಕಿಲೋಮೀಟರ್. ಆಗ ಕಲ್ಲಟ್ಟಿ ದಾರಿಗೆ 6 ಮನೆ, ಗೂಡಲೂರು ದಾರಿಗೆ 11 ಮನೆ. ಕಲ್ಲಟ್ಟಿ ದಾರಿಯ 4 ಮನೆ ಕಡಿದಾದ ಘಟ್ಟ ಅಂದುಕೊಳ್ಳಿ. ಉಳಿದ ಮನೆ ದಾಟಲು ಒಂದೊಂದು ದಿನ. ಘಟ್ಟದ ಮನೆಗೆ 2 ದಿನ ಕೊಟ್ಟರೆ ಕಲ್ಲಟ್ಟಿ ದಾರಿ 2 + 8 = 10 ದಿನ; ಗೂಡಲೂರಿನ 11ಕ್ಕಿಂತ ಕಡಿಮೆ. 3 ದಿನ ಕೊಟ್ಟರೆ 14. ಸೈನ್ಯ ಗೂಡಲೂರಿಗೆ ತಿರುಗಿತು! ಇಂಥ ಅಗ್ಗದ ದಾರಿ ಹುಡುಕುವ ಕ್ರಮವನ್ನು ಡೈಕ್‌ಸ್ಟ್ರಾ ಎಂಬ ಡಚ್ ವಿಜ್ಞಾನಿ 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕೆಫೆಯೊಂದರಲ್ಲಿ ಕಾಫಿ ಕುಡಿಯುತ್ತಾ, ಪೆನ್ಸಿಲ್ ಕಾಗದ ಇಲ್ಲದೆ ಯೋಚಿಸಿದನಂತೆ.

ಇನ್ನು ನೀವು ಮಾಡಿ. ಗೂಡಲೂರು ದಾರಿಯ 5 ಮನೆಗಳನ್ನು ಕಾಡು ಎಂದು ಗುರುತಿಸಿ, ಕಾಡಿನ ಮನೆಗೆ 2 ದಿನ, ಘಟ್ಟಕ್ಕೆ 3 ದಿನ ಕೊಡಿ. 1000 ಜನರ ಸೈನ್ಯದಲ್ಲಿ ದಿನಕ್ಕೆ ಶೇ. 1 ನಷ್ಟ. ಯಾವ ದಾರಿಯಲ್ಲಿ ಹೆಚ್ಚು ಜನ ಊಟಿ ಸೇರುತ್ತಾರೆ?