ಭಾಂಡುಪ್ ಖಾಡಿಯ ಗುಲಾಬಿ ವಲಸಿಗರು

ಹೊಸ ವರ್ಷದ ರಜೆ ಬಂತೆಂದರೆ ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರು ದೋಣಿ ಹತ್ತಿ ತಿಮಿಂಗಿಲ ನೋಡಲು ಹೋಗುವುದುಂಟು. ಅಲಾಸ್ಕಾದ ಕಡೆಯ ತಣ್ಣನೆಯ ಕಡಲಿನಿಂದ ಹೊರಟ ಬೂದು ತಿಮಿಂಗಿಲಗಳು ಮರಿ ಹಾಕಲು ಮೆಕ್ಸಿಕೋದ ಬೆಚ್ಚಗಿನ ಹಿನ್ನೀರಿಗೆ ಹೋಗುತ್ತ, ಜನವರಿಯ ಹೊತ್ತಿಗೆ ಸ್ಯಾನ್ ಡಿಯಾಗೋ ಕರಾವಳಿಯನ್ನು ದಾಟುತ್ತವೆ. ಮುಂಬಯಿಯ ನಮಗೆ ಆ ಭಾಗ್ಯವಿಲ್ಲ. ಅರಬ್ಬೀ ಸಮುದ್ರದಲ್ಲೂ ಗೂನುಬೆನ್ನಿನ ತಿಮಿಂಗಿಲಗಳಿವೆ. ಆದರೆ ಬೇರೆ ಸಾಗರಗಳ ತಮ್ಮ ಬಂಧುಗಳಂತೆ ಅವು ಧ್ರುವದತ್ತ ವಲಸೆ ಹೋಗುವುದಿಲ್ಲ, ವರ್ಷವಿಡೀ ಇದೇ ಸಮುದ್ರದಲ್ಲಿರುತ್ತವೆ. ಸಂಖ್ಯೆಯೂ ತೀರಾ ಕಡಿಮೆಯಾದ್ದರಿಂದ ಅವು ಕಣ್ಣಿಗೆ ಬೀಳುವುದು ಅಪರೂಪ.

ಹಾಗೆಂದು ಜನವರಿಯಲ್ಲಿ ದೋಣಿ ಹತ್ತಿ ವಲಸಿಗರನ್ನು ನೋಡುವ ಆಸೆಯನ್ನು ನಾವು ಬಿಡಬೇಕಾಗಿಲ್ಲ. ಭಾಂಡುಪ್ ಪೂರ್ವದಲ್ಲಿ ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿ ದಾಟಿ, ಪಂಪಿಂಗ್ ಸ್ಟೇಷನ್ ರಸ್ತೆಯಲ್ಲಿ ಕೊನೆಯವರೆಗೆ ಹೋದರೆ ಕಾಂಡ್ಲಾ ಕಾಡು, ಅದರಾಚೆ ಥಾಣೆ ಖಾಡಿ. ಅಲ್ಲಿನ ಅತಿಥಿಗಳು ರಾಜಹಂಸಗಳು, ಅಂದರೆ ಫ್ಲೆಮಿಂಗೊಗಳು. ನವೆಂಬರ್‌ನಿಂದ ಬರತೊಡಗುತ್ತವೆ, ಹೊಸ ವರ್ಷದ ನಂತರ ಹಿಂಡು ದೊಡ್ಡದಾಗುತ್ತ ಹೋಗುತ್ತದೆ, ಮಳೆಗಾಲದ ಹೊತ್ತಿಗೆ ಬಹುಪಾಲು ಹೊರಟುಹೋಗುತ್ತವೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ 2019ರ ಜನವರಿಯ ಎಣಿಕೆಯಲ್ಲಿ ಇಲ್ಲಿ ಸುಮಾರು 1.2 ಲಕ್ಷ ಹಕ್ಕಿಗಳಿದ್ದವು.

ತಿಮಿಂಗಿಲಕ್ಕೂ ಈ ಹಕ್ಕಿಗೂ ಊಟದ ವಿಷಯದಲ್ಲಿ ಒಂದು ಸಾಮ್ಯವಿದೆ. ಬೂದು ತಿಮಿಂಗಿಲ ಕಡಲತಳದ ಕೆಸರನ್ನು ಹೀರಿ, ಬಾಯಲ್ಲಿರುವ ಜರಡಿಯಂಥ ಅಂಗದಿಂದ ಸೋಸಿ, ಸಣ್ಣ ಜೀವಿಗಳನ್ನು ಉಳಿಸಿಕೊಳ್ಳುತ್ತದೆ. ರಾಜಹಂಸವೂ ತಲೆಕೆಳಗಾಗಿ ಕೊಕ್ಕನ್ನು ನೀರಿನಲ್ಲಿಟ್ಟು, ನಾಲಿಗೆಯಿಂದ ನೀರನ್ನು ಒತ್ತಿ ಹೊರಹಾಕಿ ಸೋಸಿ ತಿನ್ನುತ್ತದೆ. ದೊಡ್ಡ ರಾಜಹಂಸಕ್ಕೆ ಸಿಗಡಿಯಂಥ ಜೀವಿಗಳು ಮುಖ್ಯ, ಚಿಕ್ಕದಕ್ಕೆ ನೀಲಿ-ಹಸಿರು ಪಾಚಿ. ಆ ಆಹಾರದಲ್ಲಿರುವ ಬಣ್ಣದ ಅಂಶವೇ ರೆಕ್ಕೆಯ ಗುಲಾಬಿ ಬಣ್ಣಕ್ಕೆ ಕಾರಣ. ಮರಿಗಳು ಬೂದು ಬಣ್ಣದವು.

ಈ ಹಕ್ಕಿಗಳು ದೊಡ್ಡ ಸಂಖ್ಯೆಯಲ್ಲಿ ಮುಂಬಯಿಗೆ ಬರತೊಡಗಿದ್ದು 1990ರ ದಶಕದಲ್ಲಿ. ಮಹಾನಗರದ ಕೊಳಚೆ ಖಾಡಿಗೆ ಸೇರಿ, ಅದರ ಪೋಷಕಾಂಶಗಳಿಂದ ಪಾಚಿ ಸೊಂಪಾಗಿ ಬೆಳೆಯುತ್ತದೆ. ನಾವು ಮೂಗು ಮುಚ್ಚಿಕೊಳ್ಳುವ ನೀರೇ ಅವುಗಳ ಅನ್ನಪೂರ್ಣೆ! ಆದರೆ ಆ ಕೊಳಚೆಯ ಜೊತೆ ಕಾರ್ಖಾನೆಗಳ ವಿಷವೂ ಪ್ಲಾಸ್ಟಿಕ್ಕೂ ಬರುತ್ತವೆ. ಹೀಗಾಗಿ ಹಕ್ಕಿ ಬಂದಿದೆ ಎಂದ ಮಾತ್ರಕ್ಕೆ ಖಾಡಿ ಆರೋಗ್ಯವಾಗಿದೆ ಎಂದು ತಿಳಿಯಬೇಕಿಲ್ಲ.

ಅವು ಎಲ್ಲಿಂದ ಬರುತ್ತವೆ? ಹೆಚ್ಚಿನವು ಗುಜರಾತಿನ ಕಡೆಯಿಂದ. ಕಛ್‌ನ ರಣದಲ್ಲಿ ಕೆಸರಿನ ಗುಪ್ಪೆ ಕಟ್ಟಿ, ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತವೆ. 2022ರ ಆರಂಭದಲ್ಲಿ ಸೊಸೈಟಿಯ ವಿಜ್ಞಾನಿಗಳು ಇಲ್ಲಿನ ಆರು ಹಕ್ಕಿಗಳಿಗೆ ಜಿಪಿಎಸ್ ಸಾಧನ ಕಟ್ಟಿದರು. ಅದರಲ್ಲೊಂದಕ್ಕೆ ಪಕ್ಷಿತಜ್ಞ ಹುಮಾಯೂನ್ ಅಬ್ದುಲಾಲಿ ಅವರ ನೆನಪಿನಲ್ಲಿ ಹುಮಾಯೂನ್ ಎಂದು ಹೆಸರು. ಆ ವರ್ಷದ ಮಳೆಗಾಲ ಶುರುವಾಗುತ್ತಿದ್ದಂತೆ ಹುಮಾಯೂನ್ ಒಂದು ರಾತ್ರಿ ಇಲ್ಲಿಂದ ಹೊರಟು, ಬೆಳಗಾಗುವುದರೊಳಗೆ ಸುಮಾರು 300 ಕಿ.ಮೀ. ದೂರದ ಭಾವನಗರದ ಕರಾವಳಿ ಸೇರಿತು. ರಾತ್ರಿ ಬಸ್ಸು ಹತ್ತಿ ಊರಿಗೆ ಹೋಗುವ ನಮಗೆ ಈ ಲೆಕ್ಕ ಅಪರಿಚಿತವೇನಲ್ಲ.

ಈ ಹಕ್ಕಿಗಳಿಗೆ ನಿಜವಾಗಿ ಎರಡು ಮನೆ ಬೇಕು. ಇಳಿತದ ಹೊತ್ತಿನಲ್ಲಿ ಖಾಡಿಯ ಕೆಸರುಬಯಲು ತೆರೆದುಕೊಂಡಾಗ ಊಟ. ಉಬ್ಬರ ಬಂದು ಬಯಲು ಮುಳುಗಿದಾಗ ನಿಂತು ವಿಶ್ರಮಿಸಲು ಬೇರೆ ಜಾಗ: ನವಿ ಮುಂಬಯಿಯ ಸೀವುಡ್ಸ್ ಕಡೆಯ ಕೆರೆಗಳು, ಉರಣದ ಪಾಂಜೆ, ನಮ್ಮ ಪಂಪಿಂಗ್ ಸ್ಟೇಷನ್ ಪಕ್ಕದ ಹೊಂಡಗಳು. ಮೊದಲನೆಯ ಮನೆಗೆ ಕಾನೂನಿನ ಕಾವಲಿದೆ. ಖಾಡಿಯ ಸುಮಾರು 17 ಚದರ ಕಿ.ಮೀ. ಭಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಮುಂಬಯಿ–ಅಹಮದಾಬಾದ್ ಬುಲೆಟ್ ರೈಲು ಖಾಡಿಯನ್ನು ಸೇತುವೆಯ ಮೇಲೆ ದಾಟದೆ ಏಳು ಕಿ.ಮೀ. ಸುರಂಗದಲ್ಲಿ ದಾಟಲಿರುವುದೂ ಇದೇ ಕಾಳಜಿಯಿಂದ. ಆದರೆ ಎರಡನೆಯ ಮನೆಯಾದ ಕೆರೆ-ಹೊಂಡಗಳು ಅಭಯಾರಣ್ಯದ ಗಡಿಯ ಹೊರಗಿವೆ. ಅಲ್ಲಿ ಉಬ್ಬರದ ನೀರು ಬರುವ ದಾರಿ ಮುಚ್ಚಿದರೆ, ಜಾಗವನ್ನು ಕಟ್ಟಡಕ್ಕೆ ಕೊಟ್ಟರೆ, ಖಾಡಿಯಲ್ಲಿ ಎಷ್ಟು ಊಟವಿದ್ದರೂ ಹಕ್ಕಿ ನಿಲ್ಲುವುದೆಲ್ಲಿ?

ನಗರದ ಮೇಲೆ ಅವು ಹಾರುವ ದಾರಿಯೂ ಸುರಕ್ಷಿತವಲ್ಲ. 2024ರ ಮೇ 20ರ ರಾತ್ರಿ ಘಾಟ್ಕೋಪರ್ ಬಳಿ ಇಳಿಯಲು ಬರುತ್ತಿದ್ದ ವಿಮಾನಕ್ಕೆ ಹಿಂಡು ಬಡಿದು 39 ರಾಜಹಂಸಗಳು ಸತ್ತವು. ವಿಮಾನ ಸುರಕ್ಷಿತವಾಗಿ ಇಳಿಯಿತು. ನವಿ ಮುಂಬಯಿಯ ಹೊಂಡಗಳ ಗತಿಯ ಬಗ್ಗೆ ಜನ ಮೊದಲಿನಿಂದಲೂ ಕೇಳುತ್ತಿದ್ದ ಪ್ರಶ್ನೆ ಆಮೇಲೆ ಇನ್ನಷ್ಟು ಜೋರಾಯಿತು.

ನೋಡಲು ಹೋಗುವವರಿಗೆ ಎರಡು ಮಾತು. ಭಾಂಡುಪ್‌ನಲ್ಲಿ ಸ್ಥಳೀಯ ದೋಣಿಗಳು ಸಿಗುತ್ತವೆ. ಖಾಡಿಯ ಆಚೆ ದಡದ ಐರೋಲಿಯಲ್ಲಿ ಅರಣ್ಯ ಇಲಾಖೆಯ ಕೇಂದ್ರವೂ ದೋಣಿ ಬಿಡುತ್ತದೆ. ಗಡಿಯಾರಕ್ಕಿಂತ ಉಬ್ಬರದ ವೇಳಾಪಟ್ಟಿ ನೋಡಿ ಹೊರಡಿ. ನೀರು ತೀರಾ ಇಳಿದರೆ ದೋಣಿ ಕೆಸರಿನಲ್ಲಿ ಕೂರುತ್ತದೆ, ಪೂರ್ತಿ ತುಂಬಿದರೆ ಹಕ್ಕಿಗೆ ನಿಲ್ಲಲು ನೆಲವಿರುವುದಿಲ್ಲ. ಟೋಪಿ, ನೀರು, ಇದ್ದರೆ ಒಂದು ಬೈನಾಕ್ಯುಲರ್ ಇರಲಿ. ಫೋಟೋಕ್ಕಾಗಿ ಹಿಂಡನ್ನು ಹಾರಿಸಿ ಎಂದು ದೋಣಿಯವರನ್ನು ಮಾತ್ರ ಒತ್ತಾಯಿಸಬೇಡಿ. ನಿಮಗೆ ಅದು ಒಂದು ಚಿತ್ರ. ಅವಕ್ಕೆ, ಉಬ್ಬರ ಮರಳುವುದರೊಳಗೆ ಮುಗಿಸಬೇಕಾದ ಊಟ.