ಮೆಲ್ಲನೆ ಓದುವ ಸುಖ

ಓದುಬರಹ ಬಲ್ಲವರಾದ ನಮ್ಮಲ್ಲಿ ಪುಸ್ತಕವಾಚನವನ್ನು ಕುರಿತು ಎರಡು ಭಾವನೆಗಳು ಬೇರೂರಿವೆ. ಹೆಚ್ಚು ಪುಸ್ತಕಗಳನ್ನು ಮುಗಿಸಿದವನೇ ಹೆಚ್ಚು ಓದಿದವನೆಂಬುದು ಒಂದು. ಕೈಗೆತ್ತಿಕೊಂಡ ಪುಸ್ತಕವನ್ನು, ಅದು ರುಚಿಸಲಿ ಬಿಡಲಿ, ಕಡೆಯ ಪುಟದವರೆಗೆ ಓದಿಯೇ ತೀರಬೇಕೆಂಬುದು ಮತ್ತೊಂದು. ಮೊದಲನೆಯದು ಓದನ್ನು ಓಟದ ಪಂದ್ಯವನ್ನಾಗಿ ಮಾಡುತ್ತದೆ. ಎರಡನೆಯದು ಉಪವಾಸದ ವ್ರತವನ್ನಾಗಿ ಮಾಡುತ್ತದೆ. ಎರಡರಲ್ಲಿಯೂ ಸುಖಕ್ಕೆ ಎಡೆಯಿಲ್ಲ. ಸುಖವಿಲ್ಲದ ಕೆಲಸವನ್ನು ಮನುಷ್ಯನು ಬಲವಂತವಿರುವವರೆಗೆ ಮಾಡುತ್ತಾನೆ. ಬಲವಂತ ತಪ್ಪಿದೊಡನೆ ಬಿಟ್ಟುಬಿಡುತ್ತಾನೆ. ಪದವಿಯನ್ನು ಪಡೆದು ಕಾಲೇಜಿನಿಂದ ಹೊರಬಿದ್ದ ನಮ್ಮ ತರುಣರಲ್ಲಿ ಎಷ್ಟೋ ಮಂದಿ ಆಮೇಲೆ ಪುಸ್ತಕದ ಗೊಡವೆಗೇ ಹೋಗದಿರುವುದಕ್ಕೆ ಇದಕ್ಕಿಂತ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ.

ಮೊದಲು ಲೆಕ್ಕದ ಮಾತನ್ನೇ ನೋಡೋಣ. ತಿಂಗಳಿಗೆ ಎರಡು ಪುಸ್ತಕಗಳಂತೆ ಐವತ್ತು ವರ್ಷ ತಪ್ಪದೆ ಓದಿದವನು ೧೨೦೦ ಪುಸ್ತಕಗಳನ್ನು ಓದಿದಂತಾಗುತ್ತದೆ. ಇಮ್ಮಡಿ ವೇಗದಿಂದ ಓದಿದರೆ ೨೪೦೦. ಲಕ್ಷ ಗ್ರಂಥಗಳಿರುವ ಒಂದು ಭಂಡಾರದ ಮುಂದೆ ನಿಂತಾಗ ಈ ಎರಡು ಸಂಖ್ಯೆಗಳಿಗೂ ಇರುವ ಅಂತರವೆಷ್ಟು? ಎಲ್ಲವನ್ನೂ ಓದಿ ಮುಗಿಸುವುದು ಯಾರಿಂದಲೂ ಆಗತಕ್ಕದ್ದಲ್ಲ. ಹಾಗಿರುವಾಗ ಅವಸರದಿಂದ ಬರುವ ಲಾಭ ಅಲ್ಪ, ಆಗುವ ನಷ್ಟ ಅಪಾರ. ಓಡುವ ಬಂಡಿಯಿಂದ ಕಂಡ ಊರಿನ ಹೆಸರನ್ನು ಹೇಳಬಹುದೇ ಹೊರತು, ಆ ಊರನ್ನು ಬಲ್ಲೆವೆಂದು ಹೇಳಲಾಗದು.

ನಮ್ಮ ಪೂರ್ವಿಕರಿಗೆ ಈ ಮರ್ಮ ತಿಳಿದಿತ್ತು. ಕಾವ್ಯದ ರಸವನ್ನು ಅನುಭವಿಸುವ ಕ್ರಿಯೆಗೆ ನಮ್ಮ ಅಲಂಕಾರಿಕರು, ವಿಶೇಷವಾಗಿ ಕಾಶ್ಮೀರದ ಅಭಿನವಗುಪ್ತನು, ಬಳಸಿದ ಮಾತು ‘ಚರ್ವಣೆ’. ಎಂದರೆ ಅಗಿದು ಸವಿಯುವುದು. ನುಂಗುವವನಿಗೆ ಹೊಟ್ಟೆ ತುಂಬಬಹುದು, ರುಚಿ ತಿಳಿಯುವುದಿಲ್ಲ. ಕನ್ನಡದಲ್ಲಿಯೂ ನಾವು ಒಳ್ಳೆಯ ಮಾತನ್ನು ಮೆಲುಕು ಹಾಕುತ್ತೇವೆಂದು ಹೇಳುವುದುಂಟು. ಕಾವ್ಯದ ವಿಚಾರದಲ್ಲಿ ನಾಲಗೆಯ ಈ ಉಪಮಾನಗಳು ಬಳಕೆಗೆ ಬಂದದ್ದು ಆಕಸ್ಮಿಕವೆಂದು ತೋರುವುದಿಲ್ಲ.

ಕನ್ನಡ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದ ಗಮಕವಾಚನದಲ್ಲಿ ಈ ನಿಧಾನವು ಏರ್ಪಾಡಾಗಿಯೇ ನೆಲೆಗೊಂಡಿದೆ. ಕುಮಾರವ್ಯಾಸನ ಭಾರತವಿರುವುದು ಭಾಮಿನೀ ಷಟ್ಪದಿಯಲ್ಲಿ. ಆ ಪದ್ಯದ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ೧೪ ಮಾತ್ರೆ, ಮೂರನೆಯ ಮತ್ತು ಆರನೆಯ ಸಾಲುಗಳಿಗೆ ೨೩ ಮಾತ್ರೆ, ಒಟ್ಟು ೧೦೨. ಎರಡು ಚಿಕ್ಕ ಸಾಲುಗಳು ಸಾಗಿ ಮೂರನೆಯದು ನೀಳವಾಗಿ ಹರಿದು, ಕಡೆಯ ಗುರುವಿನ ಮೇಲೆ ದನಿ ನಿಲ್ಲುತ್ತದೆ. ಆ ನಿಲುಗಡೆಯಲ್ಲಿ ಓದುವವನಿಗೆ ಉಸಿರು, ಕೇಳುವವನಿಗೆ ಅರ್ಥ ಎರಡೂ ದೊರೆಯುತ್ತವೆ. ಲಕ್ಷ್ಮೀಶನ ಜೈಮಿನಿ ಭಾರತದ ವಾರ್ಧಕ ಷಟ್ಪದಿಯಲ್ಲಿ ಪದ್ಯವೊಂದಕ್ಕೆ ೧೪೪ ಮಾತ್ರೆಗಳಿರುವುದರಿಂದ ಅದರ ನಡೆ ಇನ್ನೂ ತುಂಬಿದ ನಡೆ. ಗಮಕಿಯು ಪದ್ಯವನ್ನು ಓದಿದ ಮೇಲೆ ವ್ಯಾಖ್ಯಾನಕಾರನು ಅದನ್ನು ಬಿಡಿಸಿ ಹೇಳುತ್ತಾನೆ; ಅನಂತರವೇ ಮುಂದಿನ ಪದ್ಯ. ಹೀಗೆ ಒಂದು ಸಂಜೆಗೆ ನಡೆಯುವುದು ಕೆಲವೇ ಪದ್ಯಗಳಾದರೂ, ಕೇಳಿದವರಿಗೆ ಅವು ಬಹುಕಾಲ ನೆನಪಿನಲ್ಲಿ ಉಳಿಯುತ್ತವೆ. ಅಕ್ಷರವನ್ನೇ ಅರಿಯದ ಎಷ್ಟೋ ಮಂದಿಗೆ ಭಾರತದ ಪದ್ಯಗಳು ಬಾಯಿಗೆ ಬರುತ್ತಿದ್ದುದು ಈ ಸಾವಧಾನದ ಫಲ.

ಇಲ್ಲಿ ಮತ್ತೊಂದು ಸಂಗತಿಯನ್ನೂ ಗಮನಿಸಬೇಕು. ಕೇಳುವವರು ಗ್ರಂಥವನ್ನು ಆದಿಯಿಂದ ಅಂತ್ಯದವರೆಗೆ ಕೇಳಲೇಬೇಕೆಂದು ಹಟ ಹಿಡಿಯುತ್ತಿರಲಿಲ್ಲ. ಮಳೆ ಬಾರದಿದ್ದರೆ ವಿರಾಟಪರ್ವವನ್ನು ಓದಿಸುವುದು ಹಳ್ಳಿಗಳಲ್ಲಿ ರೂಢಿ. ಜೈಮಿನಿಯಲ್ಲಿ ಕೆಲವರಿಗೆ ಚಂದ್ರಹಾಸನ ಕಥೆ ಬೇಕು, ಕೆಲವರಿಗೆ ಸುಧನ್ವನ ಕಾಳಗ ಬೇಕು. ಬೇಕಾದುದನ್ನು ಆರಿಸಿಕೊಂಡು ಮತ್ತೆ ಮತ್ತೆ ಓದಿಸುವುದರಲ್ಲಿ ಗ್ರಂಥಕ್ಕೆ ಅಗೌರವವಾಯಿತೆಂದು ಯಾರೂ ಎಣಿಸಲಿಲ್ಲ.

ಆಯ್ಕೆಯ ಈ ಸ್ವಾತಂತ್ರ್ಯವನ್ನು ಮುದ್ದಣ ಕವಿಯು ಬಹು ಸೊಗಸಾಗಿ ಚಿತ್ರಿಸಿದ್ದಾನೆ. ನಂದಳಿಕೆಯಲ್ಲಿ ೧೮೭೦ರಲ್ಲಿ ಹುಟ್ಟಿ ೧೯೦೧ರಲ್ಲಿಯೇ ತೀರಿಹೋದ ಲಕ್ಷ್ಮೀನಾರಣಪ್ಪನೇ ಈ ಮುದ್ದಣ. ಆತನ ‘ಶ್ರೀರಾಮಾಶ್ವಮೇಧ’ದ ಮೊದಲಲ್ಲಿ ಮಳೆಗಾಲದ ಬೇಸರವನ್ನು ಕಳೆಯಲು ಮನೋರಮೆಯು ಗಂಡನಿಂದ ಕಥೆಯನ್ನು ಬೇಡುತ್ತಾಳೆ. ಯಾವ ಕಥೆಯಾಗಬೇಕೆಂಬುದನ್ನು ಗೊತ್ತುಮಾಡುವವಳು ಅವಳು. ಪದ್ಯ ಬೇಡ, ಗದ್ಯವೇ ಆಗಲಿ ಎಂದು ತೀರ್ಪು ಕೊಡುವವಳೂ ಅವಳೇ. ಪಂಡಿತನಾದ ಗಂಡನು ಸಂಸ್ಕೃತದ ಸಮಾಸಗಳಿಂದ ಮೊದಲಿಟ್ಟರೆ, ತನಗೆ ಅದು ಹಿಡಿಸದೆಂದು ಒಡನೆಯೇ ತಡೆದು ನಿಲ್ಲಿಸುತ್ತಾಳೆ. ಕಥೆ ಸಾಗಿದ ಮೇಲೆಯೂ ಅವಳು ಸುಮ್ಮನಿರುವುದಿಲ್ಲ. ನಡುನಡುವೆ ಪ್ರಶ್ನೆ ಕೇಳುತ್ತಾಳೆ, ಸಂದೇಹಪಡುತ್ತಾಳೆ, ಹಾಸ್ಯ ಮಾಡುತ್ತಾಳೆ. ಆಕೆ ತಡೆದಷ್ಟೂ ಕಥೆಯ ರುಚಿ ಹೆಚ್ಚುತ್ತದೆಯೇ ಹೊರತು ಕುಂದುವುದಿಲ್ಲ. ಒಳ್ಳೆಯ ಓದುಗನ ಲಕ್ಷಣವನ್ನು ತಿಳಿಯಬೇಕಾದರೆ ನಾವು ಮನೋರಮೆಯನ್ನು ನೋಡಬೇಕು. ತನಗೆ ಬೇಕಾದುದನ್ನು ಕೇಳುವ ಧೈರ್ಯವೂ, ಕೇಳಿದ್ದನ್ನು ನಿಂತು ವಿಚಾರಿಸುವ ತಾಳ್ಮೆಯೂ ಅವಳಲ್ಲಿವೆ.

ಇದು ನಮ್ಮ ದೇಶದ ಮಾತು ಮಾತ್ರವಲ್ಲ. ಫ್ರಾನ್ಸ್ ದೇಶದ ಮೊಂಟೇನನು ೧೫೭೧ರಲ್ಲಿ ನ್ಯಾಯಾಲಯದ ಅಧಿಕಾರವನ್ನು ತೊರೆದು ತನ್ನ ಹಳ್ಳಿಯ ಮನೆಗೆ ಹಿಂದಿರುಗಿದನು. ಅಲ್ಲಿನ ದುಂಡನೆಯ ಗೋಪುರವೊಂದರಲ್ಲಿ ಆತನ ಪುಸ್ತಕಗಳಿದ್ದವು. ೧೫೮೦ರಲ್ಲಿ ಮೊದಲು ಅಚ್ಚಾದ ತನ್ನ ಪ್ರಬಂಧಗಳಲ್ಲಿ ಪುಸ್ತಕಗಳನ್ನು ಕುರಿತು ಬರೆಯುತ್ತ, ತಾನು ಅವುಗಳಲ್ಲಿ ಹುಡುಕುವುದು ನಿರ್ದುಷ್ಟವಾದ ಸಂತೋಷವನ್ನೇ ಎಂದು ಆತನು ಸಂಕೋಚವಿಲ್ಲದೆ ಒಪ್ಪಿಕೊಂಡಿದ್ದಾನೆ. ಕಠಿಣವಾದ ಸ್ಥಳ ಬಂದರೆ ಒಂದೆರಡು ಸಲ ಪ್ರಯತ್ನಿಸಿ ಬಿಟ್ಟುಬಿಡುವುದು, ಒಂದು ಪುಸ್ತಕ ಬೇಸರವಾದರೆ ಮತ್ತೊಂದನ್ನು ತೆಗೆಯುವುದು ಆತನ ಪದ್ಧತಿ. ಹೀಗೆ ಓದಿದವನು ಸೋಮಾರಿಯಾಗಲಿಲ್ಲ. ಪ್ಲುಟಾರ್ಕ್, ಸೆನೆಕಾ ಮೊದಲಾದ ತನ್ನ ಮೆಚ್ಚಿನ ಗ್ರಂಥಕಾರರನ್ನು ಬಾಳೆಲ್ಲ ಒಡನಾಡಿಗಳನ್ನಾಗಿ ಮಾಡಿಕೊಂಡು, ಪ್ರಬಂಧವೆಂಬ ಸಾಹಿತ್ಯಪ್ರಕಾರವನ್ನೇ ಲೋಕಕ್ಕೆ ಕೊಟ್ಟನು.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಸುಖವನ್ನೇ ಅಳತೆಗೋಲನ್ನಾಗಿ ಇಟ್ಟುಕೊಂಡರೆ ಜನ ಹುರುಳಿಲ್ಲದ ಕಥೆಗಳಲ್ಲಿಯೇ ಕಾಲ ಕಳೆಯುವುದಿಲ್ಲವೆ? ಅದಕ್ಕೆ ನಮ್ಮ ಉತ್ತರವಿಷ್ಟು: ಮೆಲ್ಲನೆ ಓದುವುದೇ ಪುಸ್ತಕದ ಒರೆಗಲ್ಲು. ಹುರುಳಿಲ್ಲದ ಪುಸ್ತಕವು ಬದುಕುವುದು ನಮ್ಮ ಅವಸರದಿಂದ. ಮುಂದೇನಾಯಿತೆಂಬ ಕುತೂಹಲ ನಮ್ಮನ್ನು ಎಳೆದುಕೊಂಡು ಹೋಗುತ್ತಿರುವವರೆಗೆ ಅದರ ಟೊಳ್ಳು ಕಾಣುವುದಿಲ್ಲ. ಒಂದು ಪುಟದ ಮೇಲೆ ನಿಂತು, ಎರಡು ವಾಕ್ಯಗಳನ್ನು ಗಟ್ಟಿಯಾಗಿ ಓದಿ ನೋಡಿದರೆ ಆಗ ಬಣ್ಣ ಬಯಲಾಗುತ್ತದೆ. ಒಳ್ಳೆಯ ಪುಸ್ತಕವಾದರೋ, ನಿಂತಷ್ಟೂ ತನ್ನ ಒಳಗನ್ನು ತೆರೆದು ತೋರಿಸುತ್ತದೆ. ಆದುದರಿಂದ ನಿಧಾನವಾಗಿ ಓದುವವನ ರುಚಿಯು ತಾನಾಗಿಯೇ ಮೇಲಕ್ಕೇರುತ್ತದೆ. ಅದಕ್ಕೆ ಯಾರ ಉಪದೇಶವೂ ಬೇಕಾಗುವುದಿಲ್ಲ.

ಆದರೆ ನಿಧಾನವೊಂದೇ ಸಾಲದು. ಪಾಠ ಹೇಳುವವರಾದ ನಾವು ತರಗತಿಯಲ್ಲಿ ಒಂದು ನಾಟಕವನ್ನು ತಿಂಗಳುಗಟ್ಟಲೆ ಓದುತ್ತೇವೆ. ಅದಕ್ಕಿಂತ ನಿಧಾನವಾದ ಓದು ಇನ್ನೊಂದಿಲ್ಲ. ಆದರೂ ಪರೀಕ್ಷೆ ಮುಗಿದ ಮರುದಿನ ಆ ಪುಸ್ತಕವನ್ನು ಮಾರುವ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ಏಕೆಂದರೆ ಅದು ಅವರು ಆರಿಸಿಕೊಂಡದ್ದಲ್ಲ. ಅಲ್ಲಿ ನಿಂತದ್ದು ಸೊಗಸಿನ ಮೇಲಲ್ಲ, ಪ್ರಶ್ನೆಯ ಮೇಲೆ. ಸ್ವಂತ ಆಯ್ಕೆಯಿಲ್ಲದ ನಿಧಾನ ಸೆರೆವಾಸ. ನಿಧಾನವಿಲ್ಲದ ಆಯ್ಕೆ ಬರಿಯ ಚಪಲ. ಇವೆರಡೂ ಕೂಡಿದಾಗ ಓದು ಸುಖವಾಗುತ್ತದೆ.

ಇದನ್ನು ಸಾಧಿಸುವ ಬಗೆ ಕಷ್ಟವಾದುದೇನೂ ಅಲ್ಲ. ಪುಸ್ತಕವನ್ನು ಕೊಳ್ಳುವ ಮೊದಲು ನಡುವಿನ ಎರಡು ಪುಟಗಳನ್ನು ಓದಿ ನೋಡಬೇಕು. ಮುನ್ನುಡಿಯ ಹೊಗಳಿಕೆಯನ್ನು ನಂಬಬೇಕಾಗಿಲ್ಲ. ಐವತ್ತು ಪುಟಗಳವರೆಗೆ ಅದಕ್ಕೆ ನ್ಯಾಯವಾದ ಅವಕಾಶ ಕೊಟ್ಟು, ಆಗಲೂ ಮನಸ್ಸು ನಿಲ್ಲದಿದ್ದರೆ ನಾಚಿಕೆಪಡದೆ ಮುಚ್ಚಿಡಬೇಕು. ಆದರೆ ಕಷ್ಟವಾದುದಕ್ಕೂ ಬೇಸರವಾದುದಕ್ಕೂ ಇರುವ ಭೇದವನ್ನು ಮರೆಯಬಾರದು. ಪಂಪನ ಹಳಗನ್ನಡ ಮೊದಲು ಕಷ್ಟ. ಹತ್ತು ಪದ್ಯಗಳು ಕಳೆದ ಮೇಲೆ ಆ ಕಷ್ಟವೇ ಸುಖದ ಒಂದು ಭಾಗವಾಗುತ್ತದೆ. ಇಂದು ಒಲ್ಲದ ಪುಸ್ತಕವು ಹತ್ತು ವರ್ಷಗಳ ಮೇಲೆ ಬೇಕಾಗಬಹುದು, ಮುಚ್ಚಿಟ್ಟದ್ದು ಬಿಸುಟಂತಲ್ಲ. ಮೆಚ್ಚಿದ ಪುಸ್ತಕವನ್ನಂತೂ ಎರಡನೆಯ ಸಲ ಓದಲೇಬೇಕು. ಮೊದಲ ಓದಿನಲ್ಲಿ ಕಥೆ ನಮ್ಮನ್ನು ನಡೆಸುತ್ತದೆ; ಎರಡನೆಯದರಲ್ಲಿ ನಾವು ಕಥೆಯೊಳಗೆ ನಮ್ಮ ಇಚ್ಛೆಯಂತೆ ನಡೆದಾಡುತ್ತೇವೆ. ಸಾಧ್ಯವಾದಾಗ ಮನೆಮಂದಿಯೊಡನೆ ಕುಳಿತು ಗಟ್ಟಿಯಾಗಿ ಓದುವುದು ಇನ್ನೂ ಒಳ್ಳೆಯದು. ಕಣ್ಣು ಹಾರಿಬಿಡುವ ಮಾತನ್ನು ನಾಲಗೆ ಹಾರಿಬಿಡಲಾರದು. ಜೊತೆಗೆ, ಕೇಳುವವರಲ್ಲಿ ಒಬ್ಬ ಮನೋರಮೆ ಸಿಕ್ಕರೂ ಸಿಗಬಹುದು.

ಪುಸ್ತಕಗಳು ನಮ್ಮನ್ನು ಸಾಲಗಾರರಂತೆ ಬೆನ್ನಟ್ಟಲು ಹುಟ್ಟಿದವಲ್ಲ. ಹತ್ತು ಪುಸ್ತಕಗಳನ್ನು ಬಲ್ಲವನು ನೂರನ್ನು ಮುಗಿಸಿದವನ ಮುಂದೆ ತಲೆ ತಗ್ಗಿಸಬೇಕಾದ ಕಾರಣವಿಲ್ಲ. ದಿನಕ್ಕೆ ಅರ್ಧ ಗಂಟೆ, ತನಗೆ ಹಿಡಿಸಿದ ಒಂದು ಪುಸ್ತಕ, ಎಷ್ಟು ಪುಟವಾಯಿತೆಂದು ಎಣಿಸದ ಮನಸ್ಸು—ಇಷ್ಟಿದ್ದರೆ, ಕಾಲೇಜು ಬಿಟ್ಟು ಎಷ್ಟು ವರ್ಷಗಳಾಗಿದ್ದರೂ, ನಮ್ಮ ವಿದ್ಯಾಭ್ಯಾಸವು ಮುಗಿಯಿತೆಂದು ಹೇಳಬೇಕಾಗಿ ಬರುವುದಿಲ್ಲ.